ಪಿಸ್ತೂಲಿಗೊಂದು ಪೈಪಿನ ಒರೆ

ಕಚೇರಿ ಮುಚ್ಚುವುದರೊಳಗೆ ಸಿಂದಗಿ ಕಾಲೇಜಿಗೆ ಬಂದು ಹಾಜರಾಗಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ನನ್ನ ನಂತರ ಇರುವವರನ್ನು ಕರೆಯುತ್ತಾರೆ ಎಂದು ನಸ್ರೀನ ಬೆಳಿಗ್ಗೆ ಫೋನು ಮಾಡಿದಾಗ, ನಮ್ಮ ಹಿತ್ತಲಲ್ಲಿ ಪೈಪು ಕೊಯ್ಯುತ್ತಿದ್ದರು. ನಸ್ರೀನ ಎಂಎಸ್ಸಿಯಲ್ಲಿ ನನ್ನ ಜೊತೆಗಿದ್ದವಳು. ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ರಸಾಯನಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕರು ಬೇಕೆಂದು ತಿಳಿದಾಗ ನನ್ನಿಂದ ಅರ್ಜಿ ಹಾಕಿಸಿದವಳು ಅವಳೇ.

ಕೊಯ್ಯುತ್ತಿದ್ದದ್ದು ಬೋರ್‌ವೆಲ್ಲಿಗೆ ಇಳಿಸಿ ಉಳಿದ ಕೇಸಿಂಗ್ ಪೈಪಿನ ತುಂಡು. ಅದರಿಂದ ನನ್ನ ಮಾವನ ಪಿಸ್ತೂಲಿಗೆ ಒರೆ ಆಗಬೇಕಿತ್ತು. ಒರೆ ಆದ ಮೇಲೆ ಪಿಸ್ತೂಲು ಅದರೊಳಗೆ ಹೋಗಬೇಕು, ಒರೆ ಮಾವನ ಸೊಂಟಕ್ಕೆ ಹೋಗಬೇಕು, ಮಾವ ನನ್ನ ಜೊತೆ ಬಸ್ಸು ಹತ್ತಬೇಕು. ಆಗ ನಾನು ಕೆಲಸಕ್ಕೆ ಸೇರಬಹುದು. ಹಿಂದಿನ ದಿನ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಆದ ತೀರ್ಮಾನ ಇದು. ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಏನೂ ಹೇಳಿರಲಿಲ್ಲ. ನನ್ನ ಗಂಡ ಅನೀಲಕುಮಾರ ತೀರಿಹೋದ ಮೇಲೆ ನನ್ನ ಬಗ್ಗೆ ಆಗುವ ಯಾವ ತೀರ್ಮಾನಕ್ಕೂ ನಾನು ಏನೂ ಹೇಳುತ್ತಿರಲಿಲ್ಲ.

ಅವನು ಇಂಡಿ ಪಟ್ಟಣದಿಂದ ಬರುವಾಗ ಬೈಕಿನ ಅಪಘಾತದಲ್ಲಿ ಹೋದ. ಮಾಗಿಯಲ್ಲಿ ಆದದ್ದು. ಈಗ ಮತ್ತೆ ಕಬ್ಬು ಕಡಿಯುವ ಕಾಲ ಬಂದಿತ್ತು. ಮನೆಯಲ್ಲಿ ಉಳಿದದ್ದು ಮಾವ ಬಸಂತರಾಯ, ಅತ್ತೆ ಕಸ್ತೂರೆವ್ವ ಮತ್ತು ನಾನು. ಇಂಗಳೇಶ್ವರದಲ್ಲಿ ನಮ್ಮದು ಹೊಲ ಇರುವ ಮನೆತನ. ನಾನು ದುಡಿಯಬೇಕಾದ ಅಗತ್ಯ ಇಲ್ಲ ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಅಗತ್ಯ ಇತ್ತು. ಅದನ್ನು ಬಂದವರಿಗೆ ವಿವರಿಸುವಷ್ಟು ಮಾತು ನನ್ನಲ್ಲಿ ಇರಲಿಲ್ಲ.

ಪಿಸ್ತೂಲು ಎಂದರೆ ನಿಜಕ್ಕೂ ರಿವಾಲ್ವರ್. ನಮ್ಮ ಕಡೆ ಎಲ್ಲಕ್ಕೂ ಪಿಸ್ತೂಲು ಎಂದೇ ಹೆಸರು. ಮಾವನ ತಂದೆಯ ಕಾಲದಿಂದ ಲೈಸನ್ಸ್ ಇದೆ. ಮಾವ ಅದನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ವರ್ಷಗಟ್ಟಲೆ ಮನಗೂಳಿ ಸಂತೆಗೆ ಹೋಗಿ ಬಂದವರು. ಒಮ್ಮೆಯೂ ಹಾರಿಸಿದವರಲ್ಲ. ಗುಂಡುಗಳು ಅತ್ತೆಯ ಟ್ರಂಕಿನಲ್ಲಿ ಇರುತ್ತವೆ, ಕೀಲಿ ಅತ್ತೆಯ ಸೊಂಟದಲ್ಲಿ. ಆದರೂ ಪಿಸ್ತೂಲು ಇಲ್ಲದೆ ಊರ ಅಗಸೆ ಬಾಗಿಲು ದಾಟಿದರೆ ಮೈಮೇಲೆ ಅಂಗಿ ಇಲ್ಲದಂತೆ ಆಗುತ್ತದೆ ಎನ್ನುತ್ತಿದ್ದರು.

ದಸರೆಗೆ ಮುಂಚೆ ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಆ ಬಟ್ಟೆಯ ಚೀಲದ ಹೊಲಿಗೆ ಬಿಚ್ಚಿ ಪಿಸ್ತೂಲು ಜನರ ಕಾಲ ಕೆಳಗೆ ಬಿತ್ತು. ಕಡಲೆ ಮಾರುವವಳು ಬುಟ್ಟಿ ಬಿಟ್ಟು ಓಡಿದಳಂತೆ. ಪೊಲೀಸರು ಕರೆದುಕೊಂಡು ಹೋಗಿ ಚಹಾ ಕೊಟ್ಟು, ಇನ್ನೊಮ್ಮೆ ಸರಿಯಾದ ಒರೆ ಇಲ್ಲದೆ ಹೊರಗೆ ತಂದರೆ ಲೈಸನ್ಸ್ ಉಳಿಯುವುದಿಲ್ಲ ಎಂದು ಹೇಳಿ ಕಳಿಸಿದರು. ಮಾವ ಮರುದಿನವೇ ವಿಜಯಪುರಕ್ಕೆ ಹೋಗಿ ಚರ್ಮದ ಒರೆ ತಂದರು. ಒಳ್ಳೆಯ ಒರೆ. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಆಯುಧಪೂಜೆ ನಡೆಯುವ ಖಂಡೇನವಮಿಯ ದಿನ ಪಿಸ್ತೂಲಿಗೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ ಇಡುವುದು ಈ ಮನೆಯ ಪದ್ಧತಿ. ಉಳಿದವರ ಮನೆಗಳಲ್ಲಿ ಕುಡುಗೋಲು, ಕೊಡಲಿ, ಟ್ರ್ಯಾಕ್ಟರಿನ ಪಾನಾ ಎಲ್ಲ ಪೂಜೆ ಮುಗಿದ ಮೇಲೆ ಕೆಲಸಕ್ಕೆ ಹೋಗುತ್ತವೆ. ನಮ್ಮ ಮನೆಯ ಪಿಸ್ತೂಲಿಗೆ ಬೇರೆ ಕೆಲಸ ಇಲ್ಲವಾದ್ದರಿಂದ, ಮಾವನ ಸೊಂಟದಲ್ಲಿ ಇಲ್ಲದ ಹೊತ್ತೆಲ್ಲ ಅದು ವರ್ಷವಿಡೀ ಜಗಲಿಯ ಮೇಲೇ ಇರುತ್ತದೆ. ಅತ್ತೆ ದಿನಾ ವಿಭೂತಿ ಹಚ್ಚುತ್ತಾರೆ. ಅಲ್ಲಿಗೆ ಚರ್ಮ ಬರುವಂತಿಲ್ಲ.

"ಅದು ಯಾವ ದನದ ತೊಗಲೋ ಏನೋ" ಎಂದರು ಅತ್ತೆ. "ನನ್ನ ಜಗಲಿ ಮ್ಯಾಲ ಬ್ಯಾಡ."

ಒರೆಯನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿ, ಹೊರಗೆ ಹೋಗುವಾಗ ಮಾತ್ರ ಪಿಸ್ತೂಲನ್ನು ಅದರಲ್ಲಿ ಇಟ್ಟುಕೊಳ್ಳಬಹುದಲ್ಲ ಎಂದೆ. ಇಡೀ ದಿನ ಚರ್ಮದಲ್ಲಿ ಕುಳಿತು ಬಂದದ್ದನ್ನು ಸಂಜೆ ಮತ್ತೆ ಜಗಲಿಯ ಮೇಲೆ ಇಡಬೇಕಾದರೆ ಅದಕ್ಕೆ ಸ್ನಾನ ಮಾಡಿಸಬೇಕು ಎಂದರು ಅತ್ತೆ. ಸ್ನಾನ ಮಾಡಿಸಿದರೆ ತುಕ್ಕು ಹಿಡಿಯುತ್ತದೆ ಎಂದರು ಮಾವ. ಸ್ನಾನದ ಬದಲು ವಿಭೂತಿ ಒರೆಸಿ ಹೊಸದಾಗಿ ಹಚ್ಚಿದರೆ ನಡೆಯುತ್ತದೆಯೇ ಎಂದು ಇಬ್ಬರೂ ಗಂಭೀರವಾಗಿ ಚರ್ಚೆ ಮಾಡಿದರು. ನಡೆಯುವುದಿಲ್ಲ ಎಂದಾಯಿತು. ಹಾಗಾದರೆ ಪಿಸ್ತೂಲನ್ನು ತಿಜೋರಿಯಲ್ಲಿ ಇಡಿ ಎಂದೆ. ತಿಜೋರಿಗೂ ಶುಕ್ರವಾರ ಪೂಜೆ ಇದೆ ಎಂದು ಅತ್ತೆ ನನ್ನ ಮುಖ ನೋಡಿದರು, ಎಂಎಸ್ಸಿ ಓದಿದವಳಿಗೆ ಇಷ್ಟೂ ತಿಳಿಯದೇ ಎಂಬಂತೆ. ನಾನು ಎದ್ದು ಪಾತ್ರೆ ತೊಳೆಯಲು ಹೋದೆ.

ಆಮೇಲೆ ಮಾವ ಫೋನಿನಲ್ಲಿ ವಿಡಿಯೋ ನೋಡಿದರು. ಯಾವುದೋ ದೇಶದ ಒಬ್ಬ ಮನುಷ್ಯ ತನ್ನ ಮನೆಯಲ್ಲೇ ಪ್ಲಾಸ್ಟಿಕ್ಕಿನ ಹಾಳೆ ಕಾಯಿಸಿ, ಪಿಸ್ತೂಲಿನ ಮೇಲೆ ಒತ್ತಿ ಒರೆ ಮಾಡಿಕೊಳ್ಳುತ್ತಿದ್ದ. ಪ್ಲಾಸ್ಟಿಕ್ಕಿಗೆ ಜಗಲಿಯಲ್ಲಿ ಅಡ್ಡಿ ಇರಲಿಲ್ಲ. ಅತ್ತೆಯ ಕುಂಕುಮದ ಡಬ್ಬಿ, ಎಣ್ಣೆಯ ಬಾಟಲಿ ಎಲ್ಲ ಪ್ಲಾಸ್ಟಿಕ್ಕಿನವೇ. ಮಾವ ಆ ವಿಡಿಯೋವನ್ನು ಅಮೀರನಿಗೆ ತೋರಿಸಿದರು.

ಅಮೀರ ನಮ್ಮ ಊರಿನ ಪೈಪು ಮತ್ತು ಮೋಟಾರಿನವನು, ಅನೀಲಕುಮಾರನ ಗೆಳೆಯ, ಅತ್ತಿಗೆ ಎಂಬ ಅರ್ಥದಲ್ಲಿ ನನ್ನನ್ನು ವೈನಿ ಎಂದು ಕರೆಯುವವನು. ಹೊಲಗಳಲ್ಲಿ ಪೈಪಿನ ತುದಿಯನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಇನ್ನೊಂದು ಪೈಪಿನ ಮೇಲೆ ಏರಿಸಿ ಕೂಡಿಸುವುದು ಅವನ ನಿತ್ಯದ ಕೆಲಸ. ವಿಡಿಯೋವನ್ನು ಅವನು ಅರ್ಧಕ್ಕೇ ನಿಲ್ಲಿಸಿದ. ಇದರಲ್ಲಿ ನೋಡುವುದು ಏನಿದೆ ಎಂದ.

"ವೈನಿ, ನಾ ಕೂಡ್ಸಿದ ಜಾಯಿಂಟ ಇವತ್ತಿನ ತನಕಾ ಒಂದರ ಬಿಚ್ಚೇತೇನ್ರಿ?" ಎಂದು ನನ್ನನ್ನೇ ಕೇಳಿದ.

ಆ ಮಾತನ್ನು ನಾನು ಆಗಲೇ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಅವತ್ತು ಬೆಳಿಗ್ಗೆ ನಾನು ಸೀರೆ ಉಟ್ಟು, ಅಂಕಪಟ್ಟಿಗಳ ಚೀಲ ಹಿಡಿದು ಸಿದ್ಧಳಾಗಿದ್ದೆ. ಬೇಗ ಮುಗಿಯುತ್ತದೆ, ಮುಂದಿನ ಬಸ್ಸಿಗೆ ಹೋಗೋಣ ಎಂದರು ಮಾವ. ಅಮೀರ ಪೈಪನ್ನು ಉದ್ದಕ್ಕೆ ಸೀಳಿದ್ದ. ಅದನ್ನು ಕಾಯಿಸಿ ಹಾಳೆಯಂತೆ ಚಪ್ಪಟೆ ಮಾಡಬೇಕು. ಕಾಯಿಸಲು ಹಂಚು ಬೇಕು. ರೊಟ್ಟಿ ಹಂಚು ಕೊಡುವುದಿಲ್ಲ ಎಂದರು ಅತ್ತೆ. ಹಳೆಯ ಹಂಚು ಅಟ್ಟದ ಮೇಲಿತ್ತು. ಅದನ್ನು ಇಳಿಸುವಾಗ ಶೇಂಗಾದ ಚೀಲ ಹರಿದು ಶೇಂಗಾ ನೆಲಕ್ಕೆಲ್ಲ ಬಿತ್ತು. ಎಲ್ಲರೂ ಕುಳಿತು ಶೇಂಗಾ ಆರಿಸಿದೆವು. ಬಸ್ಸು ಹೋದ ಸದ್ದು ಕೇಳಿಸಿತು.

"ನೀ ಕೆಮಿಸ್ಟ್ರಿ ಕಲಿತಾಕಿ ವಿಜಯಾ, ಎಷ್ಟ ಕಾಯಿಸಬೇಕು ನೀನ ಹೇಳವ್ವ" ಎಂದರು ಮಾವ.

ಹೇಳಿದೆ. ಮೆತ್ತಗಾಗುವಷ್ಟು ಮಾತ್ರ, ಹೊಗೆ ಬರಬಾರದು, ಈ ಪ್ಲಾಸ್ಟಿಕ್ಕಿನ ಹೊಗೆಯಲ್ಲಿ ಆ್ಯಸಿಡ್ ಇರುತ್ತದೆ, ಎದೆಗೆ ಇಳಿದರೆ ಕೆಟ್ಟದ್ದು ಎಂದೆ. ಅಮೀರ ತಲೆಯಾಡಿಸಿ ಉರಿ ಜೋರು ಮಾಡಿದ. ಹಾಳೆಯ ಒಂದು ಅಂಚು ಕಪ್ಪಾಗಿ ಹೊಗೆ ಎದ್ದಿತು. ಎಲ್ಲರೂ ಕೆಮ್ಮುತ್ತ ಬೇವಿನ ಗಿಡದ ಕೆಳಗೆ ಓಡಿದೆವು. ಅಲ್ಲಿ ನಿಂತು ಮಾವ, ಹೊಗೆ ಬರಬಾರದು ಎಂದು ಅಮೀರನಿಗೆ ತಿಳಿಹೇಳಿದರು.

ಇನ್ನೊಂದು ತುಂಡು ಕೊಯ್ದದ್ದಾಯಿತು. ಅಷ್ಟರಲ್ಲಿ ನಾನು ವಿಡಿಯೋವನ್ನು ಕೊನೆಯವರೆಗೆ ನೋಡಿದೆ. ಅದರಲ್ಲಿದ್ದವನು ನಿಜವಾದ ಪಿಸ್ತೂಲು ಬಳಸಿರಲಿಲ್ಲ. ಅದೇ ಅಳತೆಯ ಒಂದು ನಕಲಿ ಅಚ್ಚು ಇಟ್ಟುಕೊಂಡಿದ್ದ. ಅದರಲ್ಲಿ ಬೆರಳಿಟ್ಟು ಎಳೆಯುವ ಕುದುರೆಯ ಸುತ್ತಲಿನ ಬಳೆಯನ್ನು ತುಂಬಿ ಮುಚ್ಚಿ, ಎತ್ತರ ತಗ್ಗು ಇರುವಲ್ಲೆಲ್ಲ ಟೇಪು ಸುತ್ತಿದ್ದ, ಪ್ಲಾಸ್ಟಿಕ್ಕು ಸಂದಿಗೆ ಇಳಿಯದಿರಲಿ ಎಂದು. ಇದನ್ನು ಮೂವರಿಗೂ ಹೇಳಿದೆ. ಕಟ್ಟಿಗೆಯ ಅಚ್ಚು ಮಾಡಿಸೋಣ ಎಂದೆ. ಬಡಿಗ ಮುದ್ದೇಬಿಹಾಳಕ್ಕೆ ಮದುವೆಗೆ ಹೋಗಿದ್ದಾನೆ ಎಂದ ಅಮೀರ. ಹಾಗಾದರೆ ಬಳೆಯೊಳಗೆ ಜೇಡಿಮಣ್ಣು ತುಂಬಿ ಟೇಪಾದರೂ ಸುತ್ತಿ ಎಂದೆ. ಅಮೀರನ ಜೇಬಿನಲ್ಲಿ ಕರೆಂಟಿನ ಕರಿ ಟೇಪು ಇತ್ತು. ಅದನ್ನು ಹೊರಗೆ ತೆಗೆದ.

ಅತ್ತೆ ಪಿಸ್ತೂಲನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ವಿಭೂತಿಯ ಮೇಲೆ ಕರಿ ಟೇಪು ಸುತ್ತುವುದು ಎಂದರೇನು, ಅದೂ ಮೋಟಾರಿನ ವೈರಿಗೆ ಸುತ್ತುವ ಟೇಪು. ಮಣ್ಣು ತುಂಬುವುದಂತೂ ಆಗದ ಮಾತು. ದೇವರ ಬಾಯಲ್ಲಿ ಮಣ್ಣು ತುಂಬುತ್ತಾರೆಯೇ ಎಂದರು.

ನಾನು ಅಮೀರನ ಮುಖ ನೋಡಿದೆ. ಅವನು ಟೇಪನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಟೇಪು ಇಲ್ಲದಿದ್ದರೂ ನಡೆಯುತ್ತದೆ, ಬಿಗಿಯಾಗಿ ಕೂಡುತ್ತದೆ ಎಂದ.

ನನ್ನ ಮಾತು ನಡೆದದ್ದು ಒಂದೇ ವಿಷಯದಲ್ಲಿ. ಪಿಸ್ತೂಲಿನಲ್ಲಿ ಗುಂಡು ತುಂಬುವ ಗಿರಕಿ ಬಿಚ್ಚಿ ಒಳಗೆ ಒಂದೂ ಗುಂಡು ಇಲ್ಲ ಎಂದು ನನಗೆ ತೋರಿಸುವ ತನಕ ಯಾರೂ ಮುಟ್ಟಬಾರದು ಎಂದೆ. ಮಾವ ತೋರಿಸಿದರು. ಅಪ್ಪ ಇದ್ದಾಗಿನಿಂದ ಅದರಲ್ಲಿ ಗುಂಡು ತುಂಬಿದ ನೆನಪಿಲ್ಲ ಎಂದರು, ಸ್ವಲ್ಪ ನೊಂದುಕೊಂಡವರಂತೆ.

ಹಿತ್ತಲ ಕಲ್ಲಿನ ಮೇಲೆ ಹಳೆಯ ಬಟ್ಟೆ ಹೊಲಿದು ಮಾಡಿದ ಕೌದಿ ಹಾಸಿದರು. ಅದರ ಮೇಲೆ ಬಿಸಿ ಹಾಳೆ, ಹಾಳೆಯ ನಡುವೆ ಪಿಸ್ತೂಲು. ಹಾಳೆಯನ್ನು ಪುಸ್ತಕದಂತೆ ಮಡಚಿ ಮೇಲೆ ಇನ್ನೊಂದು ಕೌದಿ, ಅದರ ಮೇಲೆ ಕುಳಿತುಕೊಳ್ಳುವ ಮಣೆ. ಭಾರ ಬೇಕಿತ್ತು. ಮನೆಯಲ್ಲಿ ಎಲ್ಲರಿಗಿಂತ ಭಾರ ಇರುವವರು ಅತ್ತೆ. ಅವರು ಅಮೀರನ ಭುಜ ಹಿಡಿದು ಮಣೆಯ ಮೇಲೆ ಹತ್ತಿ ನಿಂತರು. ಅಲುಗಾಡಬೇಡಿ ಎಂದ ಅಮೀರ. ಅವರು ಅಲುಗಾಡದೆ ನಿಂತು, ನಿಂತಲ್ಲಿಂದಲೇ ನನಗೆ ಬೇಳೆ ಕುದಿಯುತ್ತಿದೆಯೇ ನೋಡಿ ಬಾ ಎಂದು ಎರಡು ಸಲ ಕಳಿಸಿದರು. ಅಮೀರ ಕೌದಿಯ ಅಂಚಿನಿಂದ ತಣ್ಣೀರು ಸುರಿದ. ಎರಡನೆಯ ಬಸ್ಸೂ ಹೋಯಿತು.

ಕೌದಿ ತೆಗೆದಾಗ ಒರೆ ನಿಜಕ್ಕೂ ಚೆನ್ನಾಗಿ ಬಂದಿತ್ತು. ಪಿಸ್ತೂಲಿನ ಒಂದೊಂದು ತಿರುವೂ ಮೇಲೆ ಕಾಣುತ್ತಿತ್ತು. ಗಿರಕಿಯ ಉಬ್ಬು, ಕುದುರೆಯ ಬಳೆ, ಎಲ್ಲ. ಮೂವರೂ ಅದನ್ನು ಮಗುವನ್ನು ನೋಡುವಂತೆ ನೋಡಿದರು. ಮಾವ ಅದನ್ನು ತಲೆಕೆಳಗೆ ಮಾಡಿ ಜಾಡಿಸಿದರು. ಪಿಸ್ತೂಲು ಬೀಳಲಿಲ್ಲ. ಇನ್ನೂ ಜೋರಾಗಿ ಜಾಡಿಸಿದರು. ಬೀಳಲಿಲ್ಲ.

"ಇನ್ನ ಯಾವ ಸಾಹೇಬ ಏನ ಅಂತಾನ ನೋಡೂಣು" ಎಂದರು ಮಾವ.

"ತಗಿಯೂದು ಹ್ಯಾಂಗ್ರಿ, ಮಾವಾರ?" ಎಂದೆ.

ಮಾವ ಹಿಡಿಕೆ ಹಿಡಿದು ಎಳೆದರು. ಬರಲಿಲ್ಲ. ಅಮೀರ ಒರೆಯನ್ನು ಹಿಡಿದುಕೊಂಡ, ಮಾವ ಹಿಡಿಕೆಯನ್ನು. ಇಬ್ಬರೂ ಹಗ್ಗ ಜಗ್ಗುವವರಂತೆ ಎಳೆದರು. ಪ್ಲಾಸ್ಟಿಕ್ಕು ಬಳೆಯೊಳಗೆ ಇಳಿದು, ಗಿರಕಿಯ ಹಿಂದೆ ಮುಂದೆ ಕಚ್ಚಿ, ತಣ್ಣಗಾಗುತ್ತ ಬಿಗಿದುಕೊಂಡಿತ್ತು. ಅಮೀರ ತನ್ನ ಜೀವನದಲ್ಲಿ ಕಲಿತದ್ದೆಲ್ಲ ಪೈಪು ಬಿಚ್ಚದಂತೆ ಕೂಡಿಸುವ ಕೆಲಸ. ಅದನ್ನೇ ಇಲ್ಲೂ ಮಾಡಿದ್ದ.

"ತಗದು ಯಾರಿಗೆ ಹೊಡೀಬೇಕಾಗೇತಿ?" ಎಂದರು ಅತ್ತೆ. "ಹಂಗ ಕಟ್ಟಿಕೊಂಡು ಹೋಗ್ರಿ."

ನನಗೂ ಅದೇ ಸರಿ ಎನಿಸಿತು. ಇನ್ನೊಂದು ಬಸ್ಸು ಇತ್ತು. ಅದಕ್ಕೆ ಬಾಗೇವಾಡಿ ಮುಟ್ಟಿದರೆ ದೇವರಹಿಪ್ಪರಗಿ ಮೇಲೆ ಹಾಯ್ದು ಸಿಂದಗಿಗೆ ಹೊತ್ತಿಗೆ ಸರಿಯಾಗಿ ಹೋಗಬಹುದಿತ್ತು. ಆದರೆ ಮಾವನಿಗೆ ಹೊಸ ವಿಚಾರ ಹೊಳೆಯಿತು. ಪಿಸ್ತೂಲಿನ ನಂಬರು ಪ್ಲಾಸ್ಟಿಕ್ಕಿನ ಕೆಳಗೆ ಹೋಗಿದೆ. ದಾರಿಯಲ್ಲಿ ಪೊಲೀಸರು ನಂಬರು ತೋರಿಸು ಎಂದರೆ ಏನು ತೋರಿಸುವುದು? ಕೊಯ್ದು ತೆಗೆಯಬೇಕು, ಹೊಸದಾಗಿ ಮಾಡಬೇಕು. ಪೈಪು ಇನ್ನೂ ಇದೆ. ಅಮೀರ ಆಗಲೇ ಅಳತೆ ಹಿಡಿಯುತ್ತಿದ್ದ.

ನಸ್ರೀನಳ ಫೋನು ಮತ್ತೆ ಬಂತು. ಎಲ್ಲಿದ್ದೀ ಎಂದಳು. ಮನೆಯಲ್ಲಿ ಎಂದೆ. ನಿನ್ನ ನಂತರ ಇರುವವರು ಆಗಲೇ ಬಂದು ವರಾಂಡದಲ್ಲಿ ಕುಳಿತಿದ್ದಾರೆ ಎಂದಳು.

ನಾನು ಹೋಗಿ ಮಾವನಿಗೆ ಹೇಳಿದೆ. ಈಗ ಹೊರಡದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದೆ.

"ನಾಳೆ ಹೋದ್ರಾತು. ಕಾಲೇಜ ಎಲ್ಲಿ ಓಡಿ ಹೊಕ್ಕೇತಿ?" ಎಂದರು ಅವರು, ಕಣ್ಣು ಪೈಪಿನ ಮೇಲೆ ಇಟ್ಟು. "ಒಬ್ಬಾಕಿನ ಕಳಸಾಂಗಿಲ್ಲ ನಾನು. ಕಾಲ ಸುಮಾರ ಐತಿ. ಜೋಡಿ ನಾ ಇರಬೇಕು, ಸೊಂಟದಾಗ ಇದು ಇರಬೇಕು."

"ಅವತ್ತ ಇಂಡಿಂದ ಬರೂಮುಂದ ಜೋಡಿ ನೀವ ಇದ್ರಿ" ಎಂದೆ. "ಸೊಂಟದಾಗ ಇದೂ ಇತ್ತು."

ದನಿ ಏರಿಸಿ ಹೇಳಲಿಲ್ಲ. ಲಿಂಬೆ ಸಸಿ ನೋಡಲು ಅಪ್ಪ ಮಗ ಇಬ್ಬರೂ ಇಂಡಿಗೆ ಹೋಗಿದ್ದರು. ಬರುವಾಗ ಹೊರ್ತಿ ದಾಟಿದ ಮೇಲೆ, ಹಿಂದೆ ಒಂದು ದೀಪವೂ ಇಲ್ಲದೆ ನಿಂತಿದ್ದ ಕಬ್ಬಿನ ಟ್ರಾಲಿಗೆ ಬೈಕು ಬಡಿಯಿತು. ಮಾವ ಹೊಲದಲ್ಲಿ ಹೋಗಿ ಬಿದ್ದರು, ಕೈ ಮುರಿಯಿತು. ಅವರ ಸೊಂಟದಲ್ಲಿ ಇದ್ದದ್ದು ಇದ್ದಲ್ಲೇ ಇತ್ತು. ಅದನ್ನು ಮನೆಯಲ್ಲಿ ಎಲ್ಲರೂ ಬಲ್ಲರು. ಯಾರೂ ಆಡಿರಲಿಲ್ಲ, ಅಷ್ಟೇ.

ಅಮೀರ ಅಳತೆಯ ಪಟ್ಟಿಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡ. ಮಾವ ಒರೆಯನ್ನು ಕಲ್ಲಿನ ಮೇಲೆ ಇಟ್ಟರು. ಇಟ್ಟು, ಸ್ವಲ್ಪ ಸರಿಸಿ, ಮತ್ತೆ ಇಟ್ಟರು. ಅವರ ಆ ಕೈ ಇನ್ನೂ ಪೂರ್ತಿ ಮಡಚುವುದಿಲ್ಲ. ಅವರು ನನ್ನ ಕಡೆ ನೋಡಲಿಲ್ಲ, ಸಿಟ್ಟೂ ಮಾಡಲಿಲ್ಲ. ಬೇವಿನ ಗಿಡದ ಕಟ್ಟೆಯ ಮೇಲೆ ಹೋಗಿ ಕುಳಿತರು. ನನಗೆ ಅಳು ಬರಲಿಲ್ಲ. ಹೇಳಬಾರದಿತ್ತು ಎಂದೂ ಅನಿಸಲಿಲ್ಲ. ಬಸ್ಸಿನ ಹೊತ್ತು ಮಾತ್ರ ತಲೆಯಲ್ಲಿತ್ತು.

ಮೊದಲು ಮಾತಾಡಿದವರು ಅತ್ತೆ. ಒಳಗೆ ಹೋಗಿ ನನ್ನ ಚೀಲ ತಂದು ಕೈಗೆ ಕೊಟ್ಟರು.

"ಅಮೀರಾ, ಗಾಡಿ ತಗಿ" ಎಂದರು.

ಅಮೀರ ನನ್ನನ್ನು ನೋಡಿದ, ಮಾವನನ್ನು ನೋಡಿದ. ಗಂಡ ಸತ್ತು ವರ್ಷ ತುಂಬದ ಹೆಂಗಸನ್ನು ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಊರ ನಡುವೆ ಹೋಗುವುದು ಅವನಿಗೂ ಸುಲಭ ಇರಲಿಲ್ಲ. ಏನೋ ಹೇಳಲು ಹೋದ.

"ನಡುವ ನಾ ಕುಂದರ್ತೇನಿ" ಎಂದರು ಅತ್ತೆ. "ಅಂದಾವರಿಗೆ ನಾ ಮಾತಾಡ್ತೇನಿ. ತಗಿ."

ಹಾಗೆ ಹೋದೆವು. ಮುಂದೆ ಅಮೀರ, ನಡುವೆ ಅತ್ತೆ, ಹಿಂದೆ ಉಳಿದ ಅಂಗೈಯಷ್ಟು ಜಾಗದಲ್ಲಿ ನಾನು. ಅತ್ತೆ ಈ ಮೊದಲು ಬೈಕು ಹತ್ತಿದವರಲ್ಲ. ಪ್ರತಿ ತಗ್ಗಿಗೂ ಅಮೀರನ ಅಂಗಿಯನ್ನು ಹಿಡಿದು, ಮೆಲ್ಲಗೆ ನಡೆಸು, ನಿನ್ನ ಕೈಕಾಲು ಮುರಿಯಲಿ ಎಂದು ಬೈಯುತ್ತಿದ್ದರು. ಅಗಸೆಯ ಕಟ್ಟೆಯ ಮೇಲೆ ಕುಳಿತಿದ್ದ ರೇಣವ್ವ ಎದ್ದು ನಿಂತು ನೋಡಿದಳು. ಏನು ನೋಡುತ್ತೀ, ಸೊಸೆ ನೌಕರಿಗೆ ಹೊರಟಿದ್ದಾಳೆ ಎಂದು ಅತ್ತೆ ಗಾಡಿಯ ಮೇಲಿಂದಲೇ ಹೇಳಿದರು. ಊರಿಗೆ ಈ ಸುದ್ದಿ ತಿಳಿದದ್ದು ಹೀಗೆ.

ಬಾಗೇವಾಡಿಯಲ್ಲಿ ಸಿಂದಗಿಯ ಬಸ್ಸು ಹೊರಡುವುದರಲ್ಲಿತ್ತು. ಅತ್ತೆ ಇಳಿದು ಸೊಂಟ ಹಿಡಿದುಕೊಂಡು ನಿಂತರು. ತಾವೂ ಬರುತ್ತಾರೇನೋ ಎಂದುಕೊಂಡೆ. ಬರಲಿಲ್ಲ. ಹೆಂಗಸರ ಉಚಿತ ಟಿಕೆಟ್ಟಿಗೆ ಆಧಾರ್ ಕಾರ್ಡು ಇದೆಯೇ ಎಂದು ಕೇಳಿದರು. ಇದೆ ಎಂದೆ.

"ಕಂಡಕ್ಟರನ ಹಂತೇಲಿ ಕುಂದರು" ಎಂದರು. "ನಿಮ್ಮ ಮಾವಾರಿಗೆ ನಾ ಹೇಳಿಕೊಳ್ತೇನಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ನಾನು ಏನನ್ನೂ ಯೋಚಿಸಲಿಲ್ಲ. ದೇವರಹಿಪ್ಪರಗಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಡ್ರೈವರು ಚಹಾ ಕುಡಿದು, ಯಾರದೋ ಜೊತೆ ಹೊಲದ ಮಾತಾಡಿ, ಮತ್ತೊಂದು ಚಹಾ ಕುಡಿದ. ಎದ್ದು ಹೋಗಿ ಅವನ ಎದುರು ನಿಂತೆ. ಕಾಲೇಜು ಮುಚ್ಚುತ್ತದೆ, ಹೊರಡಿ ಎಂದೆ. ಅವನು ಲೋಟ ಇಟ್ಟು ಬಂದ. ನನ್ನ ದನಿ ಹಾಗೆ ಬಂದದ್ದು ನನಗೇ ಆಶ್ಚರ್ಯವಾಯಿತು.

ಕಾಲೇಜಿನ ವರಾಂಡದಲ್ಲಿ ಒಬ್ಬ ಯುವಕ ತನ್ನ ಕಡತವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ನಸ್ರೀನ ನನ್ನ ಕೈ ಹಿಡಿದು ಅವನ ಮುಂದಿನಿಂದಲೇ ಒಳಗೆ ಕರೆದುಕೊಂಡು ಹೋದಳು. ಅವನು ನನ್ನನ್ನು ನೋಡಿ, ಕಡತವನ್ನು ಚೀಲದಲ್ಲಿ ಇಟ್ಟುಕೊಳ್ಳಲು ಶುರುಮಾಡಿದ. ಗುಮಾಸ್ತ ಬೀಗದ ಕೈ ಹಿಡಿದು ನಿಂತಿದ್ದ. ಗೊಣಗುತ್ತ ಕುಳಿತು ನನ್ನ ಅಂಕಪಟ್ಟಿಗಳನ್ನು ನೋಡಿದ, ಸಹಿ ಮಾಡಿಸಿಕೊಂಡ. ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಎಂದೆ. ಪ್ರಾಂಶುಪಾಲರು, ನಾಳೆಯಿಂದ ಬೆಳಗಿನ ಮೊದಲ ತರಗತಿ ತೆಗೆದುಕೊಳ್ಳುವವರು ಯಾರೂ ಇಲ್ಲ, ನಿಮಗೆ ಆಗುತ್ತದೆಯೇ ಎಂದರು. ಅಷ್ಟು ಹೊತ್ತಿಗೆ ಸಿಂದಗಿ ಮುಟ್ಟಬೇಕಾದರೆ ನಮ್ಮ ಊರಿನಿಂದ ಕತ್ತಲಿರುವಾಗಲೇ ಹೊರಡಬೇಕು. ಆಗುತ್ತದೆ ಎಂದೆ.

ಹೊರಗೆ ಬಂದು ಗೇಟಿನ ಹತ್ತಿರ ನಿಂತಾಗ ಮಾವನ ಫೋನು ಬಂತು. ಅವರ ಹಿಂದೆ ಅತ್ತೆ ಯಾರನ್ನೋ ಬೈಯುತ್ತಿದ್ದುದು ಕೇಳಿಸುತ್ತಿತ್ತು.

"ಆತೇನು?" ಎಂದರು.

"ಆತ್ರಿ."

ಪಿಸ್ತೂಲಿನ ಸುದ್ದಿ ಅವರು ತೆಗೆಯಲಿಲ್ಲ. ನಾನೂ ಕೇಳಲಿಲ್ಲ. ಮಧ್ಯಾಹ್ನ ನಾನು ಆಡಿದ ಮಾತನ್ನೂ ತೆಗೆಯಲಿಲ್ಲ.

"ಮತ್ತ ನಾಳೆ?" ಎಂದರು.

"ನಾಳೆ ಮುಂಜಾನಿ ಮೊದಲನೇ ಬಸ್ಸಿಗೆ ಹೋಗಬೇಕ್ರಿ. ಒಬ್ಬಾಕಿನ ಹೋಗ್ತೇನಿ."



"ಡಬ್ಬಿ ಕಟ್ಟಾಕ ನಿಮ್ಮತ್ತಿಗೆ ಹೇಳ್ತೇನಿ" ಎಂದರು. ಫೋನು ಇಟ್ಟರು.